ಗುಡಿಸದ ಓಣಿ

ಬೀದರಿನಿಂದ ಔರಾದಕ್ಕೆ ಬಸ್ ಚಾರ್ಜು ಮೂರು ರೂಪಾಯಿ, ಧೂಳು ಪುಕ್ಕಟೆ. ಮೈಸೂರಿನಿಂದ ಅಷ್ಟು ದೂರ ಹೋದದ್ದು ಹಳೆಯ ಗೆಳೆಯನನ್ನು ನೋಡಲು. ಅವನು ಅಲ್ಲಿ ಸಾಲೆಯ ಮಾಸ್ತರ. ಬರ ಬಿದ್ದು ಎರಡನೆಯ ವರ್ಷ. ಔರಾದದ ಸ್ಟ್ಯಾಂಡಿನ ತುಂಬ ಗಂಟುಮೂಟೆ ಕಟ್ಟಿಕೊಂಡು ಭಾಲ್ಕಿಯ ರೈಲಿಗೆ ಹೊರಟ ಸಂಸಾರಗಳು. ಚಹಾ ಕುಡಿದು, ಬಿಸಿಲಲ್ಲಿ ಮೂರು ಮೈಲಿ ನಡೆದು ಗೆಳೆಯನ ಹಳ್ಳಿ ಸೇರಿದೆ.

ಓಣಿಯ ನಡುವೆ ಯಾರೂ ನಡೆಯುತ್ತಿರಲಿಲ್ಲ. ಗೋಡೆಗೆ ಮೈಯೊತ್ತಿ, ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಮನೆಮನೆಯ ಮುಂದೆ ದಪ್ಪ ಧೂಳು, ಒಣಗಿದ ಎಲೆ. ಹೊಸ್ತಿಲಿನಿಂದ ಹೊರಟ ಹೆಜ್ಜೆಗುರುತುಗಳು ಅದರಲ್ಲಿ ಹಾಗೇ ಇದ್ದವು. ಎಲ್ಲವೂ ಹೊರಗೆ ಹೋದವೇ. ಒಳಗೆ ಬಂದದ್ದು ಒಂದೂ ಇಲ್ಲ.

ಗೆಳೆಯ ಬಾಡಿಗೆಗಿದ್ದ ಮನೆಯ ಒಡತಿ ತುಳಜಮ್ಮ. ಅವರ ಅಂಗಳದಲ್ಲಿ ಐದಾರು ಬುಟ್ಟಿಗಳನ್ನು ಬೋರಲು ಹಾಕಿದ್ದರು. ಒಂದನ್ನು ಎತ್ತಲು ಹೋದೆ.

"ಮುಟ್ಟಬ್ಯಾಡ್ರಿ! ಮೊಮ್ಮಗನ ಹೆಜ್ಜಿ ಅವ. ಗಾಳಿಗಿ ಹೋದಾವಂತ ಮುಚ್ಚೀನಿ," ಎಂದರು.

ಮಗಳು ಸುನೀತಾ ಗಂಡ, ಮಗುವಿನೊಡನೆ ಮುಂಬೈಗೆ ಹೊರಟು ಹನ್ನೊಂದು ದಿನವಾಗಿತ್ತು. ಮುಟ್ಟಿದೆವೆಂಬ ಕಾಗದ ಬಂದಿರಲಿಲ್ಲ. ಅದೇ ವಾರ ಹೊರಟಿದ್ದ ಓಣಿಯ ಉಳಿದವರಿಂದಲೂ ಸುದ್ದಿಯಿಲ್ಲ. ಅದಕ್ಕೆ ಅಂಗಳ ಏಕೆ ಗುಡಿಸಬಾರದೆಂದು ಕೇಳಿದೆ.

"ಹೆಣಾ ಎತ್ತಿದ ಮ್ಯಾಲ ಕೂಡ್ಲೆ ಕಸಾ ಹೊಡಿತಾರ್ರಿ. ಜೀವಂತ ಹೋದವ್ರು ಮುಟ್ಟೂತನಕ ಹೊಡಿಬಾರದು. ಹೊಡದ್ರ ಅವ್ರು ತಿರುಗಿ ಬರಂಗಿಲ್ರಿ."

ಸಂಜೆ ಕೊಡ ಹೊತ್ತು ಗೋಡೆ ಸವರಿಕೊಂಡು ಬರುತ್ತಿದ್ದ ತುಳಜಮ್ಮ, ಹೆಜ್ಜೆ ತುಳಿದೇನೆಂದು ಕಾಲು ಓರೆಯಿಟ್ಟು ಬಿದ್ದರು. ನೀರೆಲ್ಲ ಚೆಲ್ಲಿತು. ಆ ವರ್ಷ ಒಂದು ಕೊಡ ನೀರಿಗೆ ಅರ್ಧ ದಿನ ಸರದಿ ನಿಲ್ಲಬೇಕಿತ್ತು. ಓಡಿಹೋಗಿ ಕೈಹಿಡಿದು ಎಬ್ಬಿಸಿದೆ. ಮೊದಲೇ ಬಾಯಿಗೆ ಬೀಗವಿಲ್ಲದ ಮನುಷ್ಯ ನಾನು.

"ನಿಮ್ಮೂರವರೆಲ್ಲ ಸುಖವಾಗಿ ಮುಟ್ಟಿದ್ದಾರಮ್ಮ. ಬೀದರಿನಲ್ಲಿ ಸುದ್ದಿ ಕೇಳಿಯೇ ಬಂದೆ," ಎಂದುಬಿಟ್ಟೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಬೆಳಿಗ್ಗೆ ಸರಬರ ಸದ್ದಿಗೆ ಎಚ್ಚರವಾಯಿತು. ಇಡೀ ಓಣಿ ಗುಡಿಸುತ್ತಿತ್ತು. ಎದ್ದ ಧೂಳಿನಲ್ಲಿ ಎದುರುಮನೆಯೂ ಕಾಣದು, ಮಾತಿಲ್ಲ, ಕಸಬರಿಗೆಗಳ ಸದ್ದು ಮಾತ್ರ. ತುಳಜಮ್ಮ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ, ಅಡಿಯಲ್ಲಿದ್ದ ಪುಟ್ಟ ಹೆಜ್ಜೆಗಳನ್ನು ನಗುನಗುತ್ತ ಗುಡಿಸಿದರು. ಸಾವಿನ ಮನೆಯಲ್ಲಿ ನಿಂತಂತಾಯಿತು ನನಗೆ. ನಿಜ ಹೇಳುವ ಧೈರ್ಯ ಬರಲಿಲ್ಲ. ಗೆಳೆಯ ಇನ್ನೆರಡು ದಿನ ಇರೆಂದರೂ ಕೇಳದೆ ಹೊರಟೆ.

ಸಿಕ್ಕಿದ ಬಸ್ಸು ಭಾಲ್ಕಿಯದು. ಅಲ್ಲಿಂದ ರೈಲಿನಲ್ಲಿ ಬೀದರಿಗೆ ಹೋದರಾಯಿತೆಂದು ಹತ್ತಿದೆ. ಸ್ಟೇಷನ್ನಿನಲ್ಲಿ ಬೇವಿನ ನೆರಳಿಗೆ ಕೂತಿದ್ದ ಹೆಂಗಸು, ಯಾವ ಊರಿಂದ ಬಂದಿರೆಂದು ಕೇಳಿದಳು. ಹೇಳಿದೆ.

"ಅಯ್ಯ, ನಮ್ಮೂರೇರಿ! ತುಳಜಮ್ಮನ ಮಗಳ್ರಿ ನಾ, ಸುನೀತಾ. ಕೂಸಿಗಿ ಜ್ವರಾ ಬಂದು ಇಲ್ಲೇ ದವಾಖಾನಿದಾಗ ಉಳದ್ವಿ. ಇವತ್ತ ಹೊಂಟೀವಿ." ಆಮೇಲೆ ದನಿ ತಗ್ಗಿಸಿದಳು. "ನಮ್ಮವ್ವ ಅಂಗಳಾ ಕಸಾ ಹೊಡದಿಲ್ಲಲ್ರಿ, ಅಣ್ಣಾ?"

ಗಂಡನ ಹೆಗಲ ಮೇಲೆ ಮಗು ಕಣ್ಣು ಮುಚ್ಚಿಕೊಂಡಿತ್ತು.

"ಇಲ್ಲಮ್ಮ," ಎಂದೆ.

ನಕ್ಕು ಗಾಡಿ ಹತ್ತಿದಳು. ಗಾಡಿ ಕಣ್ಮರೆಯಾಗುವ ಮೊದಲೇ ಪ್ಲಾಟ್‌ಫಾರಂ ಗುಡಿಸುವ ಮುದುಕ ಬಂದ.

"ಸ್ವಲ್ಪ ತಡೀರಿ, ಯಜಮಾನರೆ."

"ಎಷ್ಟೊತ್ತು ತಡೀಲ್ರಿ?"

ನನಗೆ ಗೊತ್ತಿರಲಿಲ್ಲ. ಬೀದರಿನ ಗಾಡಿ ಬರುವವರೆಗೂ ಅವನ ಕಸಬರಿಗೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ.