ಗೋಡೆ ಬಿದ್ದ ಮನೆಗಳ ಬಜೆಟ್

ಸುಮಾ ಕೆಲಸ ಮಾಡುತ್ತಿದ್ದ ಸೇವಾ ಸಂಸ್ಥೆಯ ಕಚೇರಿ ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯಲ್ಲಿ, ಒಂದು ಟೈರ್ ಅಂಗಡಿಯ ಮೇಲಿತ್ತು. ಅವಳ ಕೆಲಸ ಬರೆಯುವುದು. ಎಲ್ಲಾದರೂ ಬೆಂಕಿ ಬಿದ್ದು ಗುಡಿಸಲು ಸುಟ್ಟರೆ, ಕುಡಿಯುವ ನೀರು ಕೆಟ್ಟು ಊರಿಗೆ ಊರೇ ಮಲಗಿದರೆ, ಆ ಜನರಿಗೆ ಏನು ಬೇಕು, ಅದಕ್ಕೆ ಖರ್ಚೆಷ್ಟು ಎಂದು ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆದು, ಬಜೆಟ್ ಹೊಂದಿಸಿ, ಹಣ ಕೊಡುವ ದೊಡ್ಡ ಸಂಸ್ಥೆಗಳಿಗೆ ಕಳಿಸಬೇಕು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದುಕೊಂಡು ದಾವಣಗೆರೆಯಲ್ಲಿ ಸಮಾಜಕಾರ್ಯ ಓದಿದವಳು. ಅವಳು ಬರೆದದ್ದು ತಿರುಗಿ ಬರುವುದು ಕಡಿಮೆ ಎಂದು ಸಂಸ್ಥೆ ನಡೆಸುವ ಹನುಮಂತರಾಜು ಎಲ್ಲರ ಮುಂದೆ ಹೇಳುತ್ತಿದ್ದರು.

ಸೇರಿದ ಹೊಸದರಲ್ಲಿ ಬರೆಯುತ್ತ ಬರೆಯುತ್ತ ಅವಳ ಕಣ್ಣು ತುಂಬುತ್ತಿತ್ತು. ಹೊಳಲ್ಕೆರೆ ಕಡೆಯ ಒಂದು ಮಗುವಿನ ವಿಷಯ ಬರೆದ ದಿನ ಊಟ ಸೇರಿರಲಿಲ್ಲ. ಆಮೇಲೆ ಕೊರೊನಾ ವರ್ಷಗಳು ಬಂದವು. ದಿನ ಬೆಳಗಾದರೆ ಅಕ್ಕಿ ಬೇಳೆ ಕಿಟ್ಟು, ಸತ್ತವರ ಮನೆಗಳ ಮಾಹಿತಿ. ಆ ಗದ್ದಲದಲ್ಲಿ ಯಾವಾಗಲೋ ಕಣ್ಣು ತುಂಬುವುದು ನಿಂತುಹೋಯಿತು. ನಿಂತದ್ದು ಅವಳಿಗೂ ತಿಳಿಯಲಿಲ್ಲ. ಕೆಲಸ ಬೇಗ ಬೇಗ ಮುಗಿಯತೊಡಗಿತು, ಅಷ್ಟೆ.

ಹಿರಿಯೂರು ಸೀಮೆಗೆ ಎಂದೂ ಕಾಣದ ಮಳೆ ಬಂದ ವರ್ಷ ಅದು. ವಾರಗಟ್ಟಲೆ ಹಿಡಿದುಕೊಂಡ ಮಳೆಗೆ ಮಣ್ಣಿನ ಗೋಡೆಗಳು ನೀರು ಕುಡಿದು ಕುಡಿದು ಕುಸಿಯತೊಡಗಿದವು. ಒಂದು ಬೆಳಗ್ಗೆ ಸುಮಾ ಹಲ್ಲುಜ್ಜುತ್ತಿದ್ದಾಗ ಬೇವಿನಹಟ್ಟಿಯಿಂದ ತಮ್ಮ ಕನಕರಾಜ್ ಫೋನ್ ಮಾಡಿದ. ಬೇವಿನಹಟ್ಟಿ ಅವಳ ಹುಟ್ಟೂರು, ಐಮಂಗಲದಲ್ಲಿ ಇಳಿದು ಒಳಗೆ ಹೋಗಬೇಕು.

“ಅಕ್ಕ, ಗೋಡೆ ಬಿದ್ದೈತೆ. ಅವ್ವ ಒಳಗಿದ್ಲು.”

“ಆಸ್ಪತ್ರೆಗೆ ಕರ್ಕಂಡು ಹೋದ್ರಾ?”

“ಇಲ್ಲ. ನೀನು ಬಾ.”

ತಾಯಿ ಗಂಗಕ್ಕನನ್ನು ಮಧ್ಯಾಹ್ನದ ಹೊತ್ತಿಗೆ ಅವರ ಹೊಲದ ಬದುವಿನ ಬಳಿ ಮಣ್ಣು ಮಾಡಿದರು. ತೆಗೆದ ಗುಂಡಿಯಲ್ಲಿ ನೀರು ಒಸರುತ್ತಿತ್ತು, ಇಬ್ಬರು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದರು. ಸುಮಾ ಛತ್ರಿ ಹಿಡಿದು ನಿಂತಿದ್ದಳು. ಹೆಂಗಸರು ಅವಳ ಮುಖ ನೋಡಿದರು. ಪಕ್ಕದ ಮನೆಯ ಹುಚ್ಚಕ್ಕ ಹತ್ತಿರ ಬಂದು, “ಅತ್ತುಬಿಡವ್ವ, ಎದೆಯಾಗೆ ಇಟ್ಕಬೇಡ” ಎಂದಳು. ಎದೆಯಲ್ಲಿ ಏನಾದರೂ ಇದೆಯೇ ಎಂದು ಸುಮಾ ಹುಡುಕಿಕೊಂಡಳು. ಕಾಲು ಒದ್ದೆಯಾಗಿದೆ, ಚಪ್ಪಲಿ ಕೆಸರಿನಲ್ಲಿ ಹೂತಿದೆ ಎನ್ನುವುದಷ್ಟೇ ಗೊತ್ತಾಯಿತು.

ಹಾಲುತುಪ್ಪ ಬಿಟ್ಟ ಮರುದಿನ ಅವಳು ಕಚೇರಿಗೆ ಬಂದಳು. ಹನುಮಂತರಾಜು ಕುರ್ಚಿಯಿಂದ ಎದ್ದು ನಿಂತರು. ಗೋಡೆ ಬಿದ್ದವರಿಗೆ ಮನೆ ಕಟ್ಟಿಸಿಕೊಡಲು ಬೆಂಗಳೂರಿನ ಒಂದು ಸಂಸ್ಥೆ ಮುಂದೆ ಬಂದಿತ್ತು, ಆದರೆ ಪ್ರಸ್ತಾವನೆ ಆ ವಾರವೇ ಹೋಗಬೇಕಿತ್ತು.

“ನೀನು ಮನೆಗೆ ಹೋಗಮ್ಮ. ನಾನೇ ಹೆಂಗೋ ಬರೀತೀನಿ,” ಎಂದರು.

“ನಿಮ್ಮ ಕೈಲಿ ಆಗಲ್ಲ ಸಾರ್. ಊರುಗಳ ಮಾಹಿತಿ ಕೊಡ್ರಿ.”

ಅದು ನಿಜವೇ ಆದದ್ದರಿಂದ ಅವರು ಮಾಹಿತಿಯ ಕಡತ ತಂದುಕೊಟ್ಟರು.

ಅವಳು ಬರೆದಳು. ಮಳೆಯ ಪ್ರಮಾಣ, ಬಿದ್ದ ಮನೆಗಳು, ಶಾಲೆಯಲ್ಲಿ ಮಲಗುತ್ತಿರುವ ಸಂಸಾರಗಳು. ಬೇವಿನಹಟ್ಟಿಯ ಸಾಲಿನಲ್ಲಿ, ಸಾವು ಎಂಬ ಜಾಗದಲ್ಲಿ ಒಂದು ಎಂದು ಹಾಕಿ ಮುಂದಿನ ಊರಿಗೆ ಹೋದಳು. ಆಮೇಲೆ ಬಜೆಟ್ಟು: ತಳಪಾಯದ ಕಲ್ಲು, ಸಿಮೆಂಟ್ ಇಟ್ಟಿಗೆ, ಶೀಟು, ಗಾರೆಯವರ ಕೂಲಿ, ಸಾಗಣೆ. ಯಾರಿಗೆ ಮನೆ ಕೊಡಬೇಕು ಎಂಬ ನಿಯಮವನ್ನೂ ಅವಳೇ ಬರೆಯಬೇಕಿತ್ತು. ಬಿದ್ದ ಮನೆಯಲ್ಲಿ ವಾಸವಿದ್ದವರು, ಈಗ ಬೇರೆ ನೆಲೆ ಇಲ್ಲದವರು ಎಂದು ಬರೆದಳು. ಆ ನಿಯಮದಂತೆ ಗಂಗಕ್ಕನ ಮನೆ ಪಟ್ಟಿಯಿಂದ ಬಿಟ್ಟುಹೋಯಿತು. ವಾಸವಿದ್ದವಳು ಇರಲಿಲ್ಲ.

ಹನುಮಂತರಾಜು ಪಟ್ಟಿ ನೋಡಿ, “ತಮ್ಮನ ಹೆಸರು ಹಾಕಮ್ಮ, ಯಾರು ಕೇಳ್ತಾರೆ?” ಎಂದರು.

“ಅವನಿಗೆ ಹಟ್ಟಿಯೊಳಗೆ ಬೇರೆ ಮನೆ ಐತೆ ಸಾರ್.”

ಪ್ರಸ್ತಾವನೆಯ ಕೊನೆಗೆ ಒಬ್ಬ ಸಂತ್ರಸ್ತರ ಕಥೆ ಇರಬೇಕೆಂಬ ಷರತ್ತಿತ್ತು. ಉಳಿದ ಮನೆಗಳಿಗೆ ಹೋಗಿ ಮಾತಾಡಿಸಲು ಸಮಯವಿರಲಿಲ್ಲ. ಸುಮಾ ತಾಯಿಯ ಕಥೆಯನ್ನೇ ಬರೆದಳು. ಹೆಸರು ಬದಲಿಸಿದಳು. ಗಂಡ ತೀರಿದ ಮೇಲೆ ಕುರಿ ಸಾಕಿ ಮಕ್ಕಳನ್ನು ಓದಿಸಿದ ಹೆಂಗಸು, ಮಳೆ ಬಂದ ರಾತ್ರಿ ಗೋಡೆ ಕುಸಿದು ಸತ್ತಳು. ನಾಲ್ಕೈದು ಸಾಲು, ಅಷ್ಟೇ.

ಎರಡು ದಿನಕ್ಕೆ ಅದು ತಿರುಗಿ ಬಂತು. ಬೆಂಗಳೂರಿನ ಸಂಸ್ಥೆಯಲ್ಲಿ ಈ ಯೋಜನೆ ನೋಡಿಕೊಳ್ಳುತ್ತಿದ್ದ ಅನುಷಾ ಎಂಬಾಕೆ ಬಜೆಟ್ಟನ್ನು ಮೆಚ್ಚಿದ್ದರು. ಕಥೆಯ ಪಕ್ಕದಲ್ಲಿ ಮಾತ್ರ ಒಂದು ಟಿಪ್ಪಣಿ ಇತ್ತು: ಓದಿದರೆ ಮನಸ್ಸಿಗೆ ತಟ್ಟುವುದಿಲ್ಲ, ಇನ್ನಷ್ಟು ಭಾವನೆ ಬೇಕು.

ಸುಮಾ ಟೀ ತರಿಸಿಕೊಂಡು ಕುಡಿದಳು. ಆಮೇಲೆ ಒಂದು ವಾಕ್ಯ ಸೇರಿಸಿದಳು. ಸುದ್ದಿ ಕೇಳಿ ಓಡಿ ಬಂದ ಮಗಳು ತಾಯಿಯ ಕೈ ಹಿಡಿದುಕೊಂಡು ಕತ್ತಲಾಗುವ ತನಕ ಅಳುತ್ತಿದ್ದಳು ಎಂದು. ಓದಿ ನೋಡಿದಳು. ಚೆನ್ನಾಗಿತ್ತು. ಕಳಿಸಿದಳು. ಮಂಜೂರಾಯಿತು.

ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ ಮೇಲೆ ಕನಕರಾಜ್ ಕಚೇರಿಗೇ ಬಂದ. ಕಂಬಳಿ ಹೆಗಲ ಮೇಲಿತ್ತು. ಕೂರು ಎಂದರೆ ಕೂರಲಿಲ್ಲ.

“ಹಟ್ಟಿಯಾಗೆ ಎಲ್ಲಾರ ಹೆಸ್ರೂ ಐತೆ. ಅವ್ವನ ಮನೆದು ಯಾಕಿಲ್ಲ?”

“ಅಲ್ಲಿ ಇರೋರು ಯಾರು? ನಿಂಗೆ ಮನೆ ಐತಲ್ಲ.”

“ಬೇಕು ಅಂತ ನಾನೆಲ್ಲಿ ಕೇಳ್ದೆ? ಸತ್ತಿದ್ದು ನಮ್ಮವ್ವ. ಮನೆ ಬಿದ್ದೇ ಇಲ್ಲೇನೋ ಅನ್ನಂಗೆ ಬರ್ದೀಯಲ್ಲ.”

ಸುಮಾ ನಿಯಮ ಏನು ಎಂದು ವಿವರಿಸಿದಳು. ಬೇರೆ ಊರಿನವರಿಗೆ ವಿವರಿಸುವ ಅದೇ ದನಿ, ಅದೇ ಮಾತು. ಅವನು ಪೂರ್ತಿ ಕೇಳಿಸಿಕೊಂಡ.

“ನಿಂಗೆ ಏನೋ ಆಗೈತೆ ಕಣಕ್ಕ,” ಎಂದು ಮೆಟ್ಟಿಲಿಳಿದು ಹೋದ.

ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಕೆಲಸ ಶುರುವಾಯಿತು. ಅನುಷಾ ನೋಡಲು ಬಂದರು. ಹನುಮಂತರಾಜು ಕಾರು ಓಡಿಸಿದರು, ಸುಮಾ ಹಿಂದೆ ಕೂತಳು. ಬೇವಿನಹಟ್ಟಿಗೆ ಹೋಗುವ ಹೊತ್ತಿಗೆ ಹುಚ್ಚಕ್ಕನ ಹೊಸ ಮನೆಯ ತಳಪಾಯ ಅರ್ಧಕ್ಕೆ ನಿಂತಿತ್ತು. ಕೊಚ್ಚಿಹೋದ ದಾರಿಯಲ್ಲಿ ಕಾರು ಹೇಗೋ ದಾಟಿತ್ತು, ಕಲ್ಲಿನ ಲಾರಿಗೆ ಬರಲಾಗಿರಲಿಲ್ಲ. ಕನಕರಾಜ್ ಹಾರೆ ಹಿಡಿದು ತನ್ನ ತಾಯಿಯ ಮನೆಯ ತಳಪಾಯದ ಕಲ್ಲುಗಳನ್ನು ಮೀಟಿ ತೆಗೆಯುತ್ತಿದ್ದ. ಹುಚ್ಚಕ್ಕನ ಅಳಿಯ ಅವನ್ನು ಹೊತ್ತು ಈಚೆಗೆ ಹಾಕುತ್ತಿದ್ದ. ಕಲ್ಲು ಕೊಡು ಎಂದು ಕನಕರಾಜ್‌ಗೆ ಯಾರೂ ಹೇಳಿರಲಿಲ್ಲ.

ಅನುಷಾ ಇಪ್ಪತ್ತೆಂಟು ಮೂವತ್ತರ ಹುಡುಗಿ. ಫೋಟೋ ತೆಗೆದುಕೊಂಡು, ಹೆಂಗಸರ ಜೊತೆ ನೆಲದ ಮೇಲೇ ಕೂತು ಮಜ್ಜಿಗೆ ಕುಡಿದರು. ಆಮೇಲೆ ಸುಮಾಳ ಕಡೆ ತಿರುಗಿ ಕೇಳಿದರು.

“ಆ ಕಥೆ ಈ ಊರಿನದೇ ಅಲ್ವಾ? ಆ ಮಗಳನ್ನ ಒಂದು ಸಲ ಭೇಟಿ ಮಾಡಬಹುದಾ? ಓದಿದಾಗಿನಿಂದ ಅವಳು ನನ್ನ ತಲೆಯಲ್ಲೇ ಇದ್ದಾಳೆ.”

ಹನುಮಂತರಾಜು ಕೆಮ್ಮಿ ಎದ್ದು ಆಚೆ ಹೋದರು.

“ಆ ಮಗಳು ನಾನೇ ಮೇಡಂ,” ಎಂದಳು ಸುಮಾ. “ಸತ್ತಿದ್ದು ನಮ್ಮ ತಾಯಿ. ಆದರೆ ನಾನು ಅಳಲಿಲ್ಲ. ಭಾವನೆ ಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಸೇರಿಸಿದೆ.”

ಅನುಷಾ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರು ಬಂತು.

“ನನಗೆ ಗೊತ್ತಿರಲಿಲ್ಲ. ಅದನ್ನ ತೆಗೆದುಬಿಡೋಣ.”

“ಇರಲಿ ಬಿಡಿ. ಮಂಜೂರಾಗಿದೆಯಲ್ಲ.”

ಸುಮಾ ತನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅವರಿಗೆ ಕೊಟ್ಟಳು. ಈ ಮಾತು ಹುಚ್ಚಕ್ಕನ ಕಿವಿಗೂ ಬಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಾರು ಹೊರಟಾಗ ಸುಮಾ ಹತ್ತಲಿಲ್ಲ. ಬಸ್ಸಿಗೆ ಬರುತ್ತೇನೆ ಎಂದು ಉಳಿದಳು. ಯಾಕೆ ಉಳಿದೆ ಎಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕನಕರಾಜ್ ಹೊಸ್ತಿಲ ಕಲ್ಲಿನ ಹತ್ತಿರ ಒಬ್ಬನೇ ಹೆಣಗುತ್ತಿದ್ದ. ಅವಳು ಹೋಗಿ ಇನ್ನೊಂದು ತುದಿ ಹಿಡಿದಳು.

“ಭಾರ ಐತೆ, ಬೆರಳು ನೋಡ್ಕ,” ಎಂದ ಅವನು.

ಇಬ್ಬರೂ ಸೇರಿ ಎತ್ತಿ ಹುಚ್ಚಕ್ಕನ ಜಾಗಕ್ಕೆ ಒಯ್ದು ಇಟ್ಟರು. ಕಲ್ಲು ಇಳಿಸಿದ ಮೇಲೆ ಕನಕರಾಜ್ ಅದರ ಮೇಲೇ ಕೂತು, ಮೊಣಕಾಲಿಗೆ ಮುಖ ಒತ್ತಿಕೊಂಡು ಅಳತೊಡಗಿದ. ಗಾರೆಯವರು ಕೆಲಸ ನಿಲ್ಲಿಸಿದರು. ಸುಮಾ ಅವನ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಅವಳಿಗೆ ಅಳು ಬರಲಿಲ್ಲ. ಕೈಯನ್ನು ಮಾತ್ರ ತೆಗೆಯಲಿಲ್ಲ.

“ನಿನ್ ಮೇಲೆ ಸಿಟ್ಟಿಲ್ಲ ಕಣಕ್ಕ,” ಎಂದ ಸ್ವಲ್ಪ ಹೊತ್ತಾದ ಮೇಲೆ.

“ಹ್ಞೂಂ.”

ಮಧ್ಯಾಹ್ನ ಹುಚ್ಚಕ್ಕ ಮುದ್ದೆ, ಹುರುಳಿಕಾಳು ಸಾರು ಬಡಿಸಿದಳು. ಉಂಡ ಮೇಲೆ ಸುಮಾ ಬೇವಿನ ಮರದಡಿ ಕಂಬಳಿಯ ಮೇಲೆ ಅಡ್ಡಾದಳು. ಹಾಗೆಯೇ ನಿದ್ದೆ ಹತ್ತಿತು. ಬಸ್ಸಿನ ಹೊತ್ತಾಯಿತು ಎಂದು ಕನಕರಾಜ್ ಎಬ್ಬಿಸಲು ಹೋದರೆ ಹುಚ್ಚಕ್ಕ ತಡೆದಳು.

“ಮಲಗ್ಲಿ ಬಿಡಪ್ಪ. ನಾಳಿಕ್ಕೆ ಹೋಗ್ತಾಳೆ.”

ಸುಮಾ ಈಗಲೂ ಅದೇ ಕಚೇರಿಯಲ್ಲಿದ್ದಾಳೆ. ಹೊಸದುರ್ಗದ ಕಡೆಯ ನೀರಿನ ಕೆಲಸಕ್ಕೆ ಪ್ರಸ್ತಾವನೆ ಬರೆಯುತ್ತಿದ್ದಾಳೆ, ಅದೂ ಬೇಗ ಬೇಗ ಮುಗಿಯುತ್ತಿದೆ. ಸಂತ್ರಸ್ತರ ಕಥೆಯನ್ನು ಮಾತ್ರ ತಾನು ಬರೆಯುವುದಿಲ್ಲ ಎಂದು ಹನುಮಂತರಾಜು ಅವರಿಗೆ ಹೇಳಿದ್ದಾಳೆ. ಅದನ್ನು ಈಗ ಅವರೇ ಬರೆಯುತ್ತಾರೆ, ಅವಳು ಸ್ಪೆಲ್ಲಿಂಗ್ ತಿದ್ದಿ ಕೊಡುತ್ತಾಳೆ.