ಸೈರಕಾನ್ ಬರೆಯದ ಸಾಲು

ನರೀನ್ ಕಡೆಯ ನಮ್ಮ ಕಣಿವೆಯಲ್ಲಿ ಹದಿನಾಲ್ಕು ಹಳ್ಳಿಗಳಿವೆ. ಅವುಗಳ ಶಾಲೆ, ಆಸ್ಪತ್ರೆ, ಹಾಲಿನ ಸಂಘಗಳಿಗೆ ಇಂಟರ್ನೆಟ್ಟಿನಲ್ಲಿರುವ ಹೆಸರುಗಳನ್ನೆಲ್ಲ, ಅಂದರೆ ವೆಬ್‌ಸೈಟು, ಇಮೇಲ್‌ಗಳ ವಿಳಾಸಗಳನ್ನೆಲ್ಲ, ನೋಡಿಕೊಳ್ಳುತ್ತಿದ್ದವರು ಸೈರಕಾನ್ ಎಜೆ ಒಬ್ಬರೇ; ಎಜೆ ಅಂದರೆ ನಮ್ಮಲ್ಲಿ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದ ಹೆಂಗಸು. ಅದು ಮುಚ್ಚಿದ ಮೇಲೆ ಈ ಕೆಲಸ ಕಲಿಸಿಕೊಟ್ಟವರು ಓಮುರ್ಝಾಕ್ ಬೈಕೆ, ಅಂದರೆ ಓಮುರ್ಝಾಕ್ ಅಣ್ಣ. ಗುಡ್ಡದ ಮೇಲೆ ಆಂಟೆನಾ ನೆಟ್ಟು, ಕಣಿವೆಗೆ ಮೊದಲ ಬಾರಿಗೆ ಇಂಟರ್ನೆಟ್ ತಂದ ಹಿರಿಯರು ಅವರು. ಎಜೆಯ ಮಗಳ ಮದುವೆಯಲ್ಲಿ ಎಲ್ಲರಿಗಿಂತ ಮೊದಲು ಆಶೀರ್ವಾದ ಮಾಡಿದವರೂ ಅವರೇ.

ನಮ್ಮ ಹೆಸರುಗಳೆಲ್ಲ ರಾಜಧಾನಿ ಬಿಷ್ಕೆಕ್‌ನಲ್ಲಿ ನೋಂದಾಯಿಸಿದ್ದ ಒಂದೇ ದೊಡ್ಡ ಹೆಸರಿನ ಕೆಳಗಿದ್ದವು. ಹೋದ ವರ್ಷ ಯಾವುದೋ ಕಾಗದಪತ್ರದ ಗೊಂದಲದಲ್ಲಿ ಆ ದೊಡ್ಡ ಹೆಸರು ಹನ್ನೊಂದು ದಿನ ನಿಂತುಹೋಯಿತು. ಯಂತ್ರಗಳು ಓಡುತ್ತಿದ್ದವು, ಆಂಟೆನಾ ಸರಿಯಿತ್ತು. ಆದರೂ ಯಾರಿಗೂ ಯಾರೂ ಸಿಗಲಿಲ್ಲ. ಆಮೇಲೆ ಸಭೆ ಸೇರಿ, ಮೇಲೆ ಯಾರೂ ಯಜಮಾನರಿಲ್ಲದ ಹೊಸ ಹೆಸರಿನ ವ್ಯವಸ್ಥೆಗೆ ಹೋಗುವುದೆಂದು ತೀರ್ಮಾನಿಸಿದೆವು. ಒಂದೊಂದು ಹಳ್ಳಿಯ ಕೈಯಲ್ಲಿ ಪಾಸ್‌ವರ್ಡಿನಂಥ ಒಂದೊಂದು ಗುಟ್ಟಿನ ಕೀಲಿ, ಅದರ ಹೆಸರಿಗೆ ಅದೇ ಒಡೆಯ. ಬೇಡವೆಂದವರು ಓಮುರ್ಝಾಕ್ ಬೈಕೆ ಒಬ್ಬರೇ. ತಾವೇ ಕಟ್ಟಿದ್ದರ ಮೇಲಿನ ಮಮತೆ ಅಂದುಕೊಂಡೆವು.

ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ನಾನು ಎಜೆಯ ಮನೆಗೆ ಹೋದೆ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಕಂಪ್ಯೂಟರ್ ಸ್ವಲ್ಪ ಗೊತ್ತು. ಕೈಮಾಕ್ ಕೆನೆ ಸವರಿದ ರೊಟ್ಟಿ, ಚಹಾ ಮುಂದಿಟ್ಟುಕೊಂಡು ಕೂತೆವು. ಸಾಗಿಸುವ ಪ್ರೋಗ್ರಾಮು ನೇರವಾಗಿ ಸರ್ವರಿನಿಂದಲೇ ಪೂರ್ತಿ ಪಟ್ಟಿಯನ್ನು ಎಳೆದುಕೊಂಡಿತು. ಅಲ್ಲಿಯವರೆಗೆ ಎಜೆ ಬೈಕೆ ಮಾಡಿಕೊಟ್ಟ ಫಾರಂ ತುಂಬುತ್ತಿದ್ದರೇ ಹೊರತು, ಇಡೀ ಪಟ್ಟಿಯನ್ನು ಕಣ್ಣಾರೆ ಕಂಡಿರಲಿಲ್ಲ.

ಎಜೆ ತುಂಬಿದ್ದ ಲೆಕ್ಕಕ್ಕೆ ಇನ್ನೂರ ಒಂಬತ್ತು ಸಾಲು ಬರಬೇಕಿತ್ತು. ಬಂದದ್ದು ಇನ್ನೂರ ಇಪ್ಪತ್ತಮೂರು.

"ನಿನ್ನ ಪ್ರೋಗ್ರಾಮಿಗೆ ಎಣಿಸೋಕೆ ಬರಲ್ಲ ಕಣೆ ಬಕ್ತಿಗುಲ್. ನಿನ್ನ ಶಾಲೇಲೇ ಓದಿರಬೇಕು" ಎಂದು ಎಜೆ ನಕ್ಕರು.

ಹೆಚ್ಚಿಗೆ ಬಂದ ಹದಿನಾಲ್ಕು ಸಾಲುಗಳನ್ನು ಬೇರೆ ತೆಗೆದು ನೋಡಿದೆ. ಹದಿನಾಲ್ಕು ಹಳ್ಳಿಯ ಆಸ್ಪತ್ರೆಗಳಿಗೂ ಒಂದೊಂದು, ಎಲ್ಲದರಲ್ಲೂ ಒಂದೇ ಮಾತು: ಈ ಆಸ್ಪತ್ರೆಗೆ ಬರುವ ಇಮೇಲ್ ಮೊದಲು ಇಂಥ ಯಂತ್ರಕ್ಕೆ ಹೋಗಲಿ. ಅಲ್ಲಿಂದ ಅದು ಆಸ್ಪತ್ರೆಗೆ ತಲುಪುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಸಾಲುಗಳಿಗೆ ಏಳು ವರ್ಷ ವಯಸ್ಸಾಗಿತ್ತು.

ಎಜೆ ಆ ಯಂತ್ರದ ನಂಬರನ್ನು ಎರಡು ಸಲ ಓದಿದರು. ಕಣಿವೆಯ ಯಂತ್ರಗಳಿಗೆ ನಂಬರು ಹಂಚುವಾಗ ಅದನ್ನು ಕೊಟ್ಟವರು ಎಜೆಯೇ. ಓಮುರ್ಝಾಕ್ ಬೈಕೆಯ ಮನೆಯ ನಂಬರು.

ಎಜೆ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ನಾಲ್ಕು ವರ್ಷದ ಹಿಂದೆ ತಮ್ಮ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತೆಂದು ಹೇಳಿದರು. ಪರೀಕ್ಷೆಯ ಫಲಿತಾಂಶ ಬಿಷ್ಕೆಕ್‌ನಿಂದ ನಮ್ಮ ಆಸ್ಪತ್ರೆಯ ಇಮೇಲಿಗೆ ಬಂದಿತ್ತು. ಗಂಡನಿಗೂ ಹೇಳಿರಲಿಲ್ಲ. ಅದೇ ವಾರ ಬೈಕೆ ಒಂದು ಡಬ್ಬ ಜೇನು ತಂದು, ಧೈರ್ಯವಾಗಿರು, ಎಲ್ಲ ಗುಣವಾಗುತ್ತೆ ಅಂದಿದ್ದರಂತೆ.

"ನನ್ನ ಮುಖ ನೋಡಿ ತಿಳ್ಕೊಂಡ್ರು ಅಂದ್ಕೊಂಡಿದ್ದೆ ಕಣೆ. ಎಷ್ಟು ಒಳ್ಳೆಯವರು ಅಂತ ಅತ್ತಿದ್ದೆ."

ಆ ಕ್ಷಣವೇ ಎದ್ದು ಹೊರಟರು. ನಾನೂ ಹಿಂದೆಯೇ ಹೋದೆ. ಬೈಕೆ ಅಂಗಳದಲ್ಲಿ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತಿದ್ದರು. ಎಜೆ ಹದಿನಾಲ್ಕು ಸಾಲಿನ ಕಾಗದವನ್ನು ಅವರ ಮುಂದಿಟ್ಟರು. ಅವರು ಕನ್ನಡಕ ಹಾಕಿಕೊಂಡು ಓದಿದರು. ಇಲ್ಲ ಎನ್ನಲಿಲ್ಲ.

"ಕಣಿವೆ ನನ್ನ ಜವಾಬ್ದಾರಿ ಆಗಿತ್ತಮ್ಮ. ಎಲ್ಲಿ ಏನು ನಡೀತಿದೆ ಅಂತ ಒಬ್ಬರಿಗಾದ್ರೂ ಗೊತ್ತಿರಬೇಡ್ವಾ?"

"ಹೆಂಗಸರು ನರ್ಸಿಗೆ ಬರೆದಿದ್ದೂನಾ ಬೈಕೆ?"

"ಓದಿದ್ದು ನಾನೊಬ್ಬನೇ. ಯಾರಿಗೂ ಕೆಟ್ಟದ್ದು ಮಾಡಿಲ್ಲ."

ಬೈಕೆಯ ಹೆಂಡತಿ ಚಹಾ ತಂದರು. ನಮ್ಮಲ್ಲಿ ರೊಟ್ಟಿಯ ಚೂರನ್ನಾದರೂ ಬಾಯಿಗೆ ಹಾಕದೆ ಯಾರ ಮನೆಯಿಂದಲೂ ಹೊರಡುವುದಿಲ್ಲ. ಅವತ್ತು ಎಜೆ ಹೊರಟುಬಿಟ್ಟರು.

ಆ ಹದಿನಾಲ್ಕು ಸಾಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿದೆವು. ಕೀಲಿಗಳನ್ನು ಕಳಿಸಿಕೊಟ್ಟರೆ ಸಾಕಿತ್ತು. ಎಜೆ ಒಪ್ಪಲಿಲ್ಲ. ಹಾಲಿನ ವ್ಯಾನು ಹತ್ತಿ ಒಂಬತ್ತು ದಿನದಲ್ಲಿ ಹದಿನಾಲ್ಕು ಹಳ್ಳಿಗೂ ಹೋದರು. ಪ್ರತಿ ಆಸ್ಪತ್ರೆಯಲ್ಲೂ ಹೆಂಗಸರನ್ನು ಕೂರಿಸಿಕೊಂಡು, ನಿಮ್ಮ ಪತ್ರಗಳನ್ನು ಒಬ್ಬರು ಏಳು ವರ್ಷ ಓದಿದ್ದಾರೆ, ಹೆಸರು ನೋಡಿಕೊಳ್ಳುತ್ತಿದ್ದ ನನಗೆ ಅದು ಗೊತ್ತಾಗಲಿಲ್ಲ ಎಂದು ಹೇಳಿ, ಕೀಲಿಯನ್ನು ನರ್ಸಿನ ಕೈಗೇ ಕೊಟ್ಟರು. ಕೆಲವರು ಬೈದರು. ಒಬ್ಬಾಕೆ ಮೊಬೈಲ್ ತೆಗೆದು ತಾನು ಕಳಿಸಿದ್ದನ್ನೆಲ್ಲ ಒಂದೊಂದಾಗಿ ಓದುತ್ತ ಕೂತಳಂತೆ.

ತಾಶ್-ಕೋರೊ ಎಂಬ ಹಳ್ಳಿಯಲ್ಲಿ ನಾನೂ ಜೊತೆಗಿದ್ದೆ. ಎಜೆ ನರ್ಸಿಗೆ ಕೀಲಿ ಕೊಡುತ್ತಿದ್ದಂತೆಯೇ ಗುಲ್ಬುಬು ಎಂಬಾಕೆ ಎದ್ದು ನಿಂತಳು. ಗಂಡ ಹೊಡೆಯುತ್ತಾನೆಂದು ಐದು ವರ್ಷದ ಹಿಂದೆ ನರ್ಸಿಗೆ ಬರೆದಿದ್ದಳಂತೆ. ಹತ್ತೇ ದಿನಕ್ಕೆ ಗಂಡನಿಗೆ ಗೊತ್ತಾಗಿತ್ತು. ಗಂಡ ಬೈಕೆಯ ಸ್ವಂತ ಅಕ್ಕನ ಮಗ.

"ಅವತ್ತು ಕೈ ಮುರಿದ" ಎಂದಳು, ತೀರಾ ಮೆಲ್ಲಗೆ, ನರ್ಸಿನ ಕಡೆ ಕೈ ತೋರಿಸುತ್ತ. "ಹೇಳಿದ್ದು ಇವಳೇ ಅಂದ್ಕೊಂಡೆ. ಐದು ವರ್ಷ ಇವಳ ಹತ್ರ ಮಾತಾಡಲಿಲ್ಲ."

ನರ್ಸ್ ಕೀಲಿಯ ಕಾಗದ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಎಜೆ ಹೋಗಿ ಗುಲ್ಬುಬುವಿನ ಪಕ್ಕದಲ್ಲಿ ನಿಂತರು.

ಬೈಕೆ ತಮ್ಮ ಯಂತ್ರವನ್ನು ತಾವೇ ನಿಲ್ಲಿಸಿದರು. ಅವರ ಮೇಲೆ ದೂರು ಕೊಡಬೇಕೋ ಬೇಡವೋ ಎಂದು ಹಿರಿಯರು ಎರಡು ಸಲ ಸೇರಿ, ಎರಡು ಸಲವೂ ಏನೂ ತೀರ್ಮಾನಿಸದೆ ಎದ್ದುಹೋದರು. ಕೊನೆಗೆ ಗುಲ್ಬುಬು ಒಬ್ಬಳೇ ಪೊಲೀಸ್ ಠಾಣೆಗೆ ಹೋಗಿ ಗಂಡನ ಮೇಲೂ ಬೈಕೆಯ ಮೇಲೂ ಬರೆದುಕೊಟ್ಟಳು. ಸಾಕ್ಷಿಗೆ ಸಹಿ ಹಾಕಿದವರು ಸೈರಕಾನ್ ಎಜೆ. ವಿಚಾರಣೆ ಇನ್ನೂ ನಡೆಯುತ್ತಿದೆ.

ಈಗ ಯಾವ ಹಳ್ಳಿಯ ಪಟ್ಟಿಯನ್ನೂ ಎಜೆ ತಿದ್ದಲಾರರು, ಕೀಲಿ ಅವರ ಬಳಿ ಇಲ್ಲ. ಹೋದ ವಾರ ಒಬ್ಬಳು ನರ್ಸ್ ಫೋನು ಮಾಡಿ, ಪಟ್ಟಿಯಲ್ಲಿ ಏನೋ ತಪ್ಪಾಗಿದೆ, ಕೀಲಿ ಹೇಳುತ್ತೇನೆ, ನೀವೇ ಸರಿಮಾಡಿಕೊಡಿ ಎಂದು ಗೋಗರೆದಳು. ಎಜೆ ಒಪ್ಪಲಿಲ್ಲ. ಸಾಲು ಸಾಲಾಗಿ ಅವಳಿಂದಲೇ ಓದಿಸುತ್ತ, ಎರಡು ಗಂಟೆ ಫೋನು ಹಿಡಿದು ಕೂತಿದ್ದರು.