ಮೂರು ದಿನದ ರಜೆ

ಆರು ತಿಂಗಳಿಗೊಮ್ಮೆ ನಮಗೆ ಮೂರು ದಿನ ರಜೆ ಸಿಗುತ್ತಿತ್ತು. ಕೇಳದೆಯೇ ಸಿಗುತ್ತಿತ್ತು. ಗುಬ್ಬಿ ಹತ್ತಿರದ ನಮ್ಮೂರಿನಲ್ಲಿ ನಾನು ಇದನ್ನು ಎಷ್ಟು ಹೊಗಳಿಕೊಂಡಿದ್ದೆನೆಂದರೆ, ಸರ್ಕಾರಿ ಶಾಲೆಯ ಮೇಷ್ಟ್ರು ಒಮ್ಮೆ ಮುಖ ಗಂಟಿಕ್ಕಿಕೊಂಡು ಎದ್ದುಹೋಗಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತು. ಐಟಿಐ ಮುಗಿಸಿದವನು ಕ್ಯಾತ್ಸಂದ್ರದ ಆಚೆ, ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಸೇರಿದ್ದೆ. ಸೇರಿಸಿದ್ದು ಒಬ್ಬ ಕಂಟ್ರಾಕ್ಟರ್. ಅವನ ಆಫೀಸು ಕಾರ್ಖಾನೆಯ ಗೇಟಿನ ಎದುರಿಗೇ ಇತ್ತು. "ಒಂದೆರಡು ವರ್ಷ ನನ್ನ ಕಡೆಯಿಂದ ಕೆಲಸ ಮಾಡು, ಆಮೇಲೆ ಕಂಪನಿಯೋರೇ ಕಾಯಂ ಮಾಡ್ಕತಾರೆ" ಎಂದಿದ್ದ. ಹಾಗೆ ಹೇಳಿ ಆರು ವರ್ಷವಾಗುತ್ತ ಬಂದಿತ್ತು. ಅಷ್ಟೂ ವರ್ಷ ನಾನು ಒಂದೇ ಡ್ರಿಲ್ಲಿಂಗ್ ಮಿಷನ್ನಿನ ಮುಂದೆ ನಿಂತವನು. ಆಯುಧಪೂಜೆಗೆ ಅದಕ್ಕೆ ಊರಿನಿಂದ ಸೇವಂತಿಗೆ ಹಾರ ತಂದು ಹಾಕುತ್ತಿದ್ದೆ. ಕಾಯಂ ಕೆಲಸಕ್ಕೆಂದು ಹೊಸಬರು ಬಂದರೆ ಅವರಿಗೆ ಅದನ್ನು ಓಡಿಸಲು ಕಲಿಸುತ್ತಿದ್ದವನೂ ನಾನೇ.

ರಜೆಯ ಹಿಂದಿನ ದಿನ ಕಂಟ್ರಾಕ್ಟರ್ ಆಫೀಸಿನ ಗುಮಾಸ್ತ ನಮ್ಮನ್ನು ನಾಲ್ಕೈದು ಜನರಂತೆ ಕರೆಸುತ್ತಿದ್ದ. "ನಾಳೆಯಿಂದ ಮೂರು ದಿನ ಬರಬೇಡಿ" ಎಂದು ಹೇಳಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದೊಂದು ಕಾಗದ ಮುಂದಿಡುತ್ತಿದ್ದ. ಅದರಲ್ಲಿ ಒಂದು ಸಾಲು ಖಾಲಿ ಇರುತ್ತಿತ್ತು. "ಈ ಸಲ ಏನ್ ಕಾರಣ ಬರೀಲಪ್ಪ?" ಎಂದು ಕೇಳುತ್ತಿದ್ದ. ಶಾಲೆಯಲ್ಲಿ ರಜಾ ಅರ್ಜಿ ಬರೆದು ಬೆಳೆದವರು ನಾವು. ಕಾರಣವಿಲ್ಲದೆ ರಜೆಯಿಲ್ಲ ಎಂದು ಗೊತ್ತಿತ್ತು. ಅಮ್ಮನ ಕಣ್ಣಿನ ಆಪರೇಷನ್, ರಾಗಿ ಕೊಯ್ಲು, ತಂಗಿಯ ಬಾಣಂತನ ಎಂದು ಮನೆಯ ಕಥೆಯನ್ನೆಲ್ಲ ಹೇಳುತ್ತಿದ್ದೆವು. ಅವನು ಬರೆದುಕೊಳ್ಳುತ್ತಿದ್ದ, ನಾವು ಸಹಿ ಹಾಕುತ್ತಿದ್ದೆವು. ಎಷ್ಟು ವಿಚಾರಿಸಿಕೊಳ್ಳುವ ಮನುಷ್ಯ ಎನ್ನಿಸುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ನಾವು.

ನನಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಕೂಡಿಸಿಕೊಂಡು ಓದಿದ್ದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಆದರೆ ಯಾರಾದರೂ ಕೊಟ್ಟ ಕಾಗದವನ್ನು ಅವರ ಎದುರಿಗೇ ಓದುವುದೆಂದರೆ ಅವರನ್ನು ಅನುಮಾನಿಸಿದ ಹಾಗೆ ಎಂದು ನಮ್ಮ ಕಡೆ ಒಂದು ಮರ್ಯಾದೆ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ.

ಅದೇ ಸಮಯಕ್ಕೆ ಕುಣಿಗಲ್ ಕಡೆಯಿಂದ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರದ ಊರಿನಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ನೋಡಿಬಂದೆ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ದಿನಾ ಆ ಮಿಷನ್ ಸದ್ದಿಗೆ ಕಿವಿ ನೋಯಲ್ವಾ?" ಅಲ್ಲಿಯ ತನಕ ನನ್ನ ಕಿವಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಮದುವೆ ಆದರೆ ಇವಳನ್ನೇ ಆಗಬೇಕು ಎಂದು ಬಸ್ಸಿನಲ್ಲಿ ಕೂತಾಗಲೇ ತೀರ್ಮಾನಿಸಿದ್ದೆ.

ಇನ್ನು ಹೆಣ್ಣಿನ ಕಡೆಯವರು ಬಂದು ನಮ್ಮ ಮನೆ ನೋಡಬೇಕಿತ್ತು. ನನ್ನ ಮೂರು ದಿನದ ರಜೆ ಹತ್ತಿರದಲ್ಲೇ ಇತ್ತು. ಅದರ ಮೊದಲ ದಿನವೇ ಬನ್ನಿ ಎಂದು ಹೇಳಿಕಳಿಸಿದೆ. ಗುಮಾಸ್ತ ಕಾರಣ ಕೇಳಿದಾಗ ಎದೆಯುಬ್ಬಿಸಿ, "ಮದುವೆ ಸಾರ್. ಹೆಣ್ಣಿನ ಕಡೆಯೋರು ಮನೆ ನೋಡಕ್ಕೆ ಬರ್ತಾವ್ರೆ" ಎಂದೆ. ಅವನು ನಕ್ಕು, "ಒಬ್ಬಟ್ಟು ತಂದ್ಕೊಡೋದು ಮರೀಬೇಡ" ಎಂದ.

ಅವರು ಐದು ಜನ ಬಂದರು. ಮನೆ ನೋಡಿದರು, ತೆಂಗಿನ ತೋಟ ಸುತ್ತಿದರು, ಬಾವಿ ಬಗ್ಗಿ ನೋಡಿದರು. ಎಲ್ಲ ಹಿಡಿಸಿದ ಹಾಗಿತ್ತು. ಒಪ್ಪಿಗೆಯ ಮಾತು ಬರುವ ತನಕ ಅವರು ನಮ್ಮ ಮನೆಯಲ್ಲಿ ಊಟ ಮಾಡುವಂತಿಲ್ಲ, ಅದು ಪದ್ಧತಿ. ಆದರೂ ಅಮ್ಮ ಬೆಳಗಿನಿಂದ ಒಬ್ಬಟ್ಟು ತಟ್ಟಿ ಗುಡ್ಡೆ ಹಾಕಿದ್ದಳು. ಹುಡುಗಿಯ ಸೋದರಮಾವ ಒಬ್ಬರು ಬರುವುದು ಬಾಕಿ. ಅವರು ಕುಣಿಗಲ್ಲಿನಲ್ಲಿ ತಾಲ್ಲೂಕು ಆಫೀಸಿನ ನೌಕರರು. ಗಂಡಿನ ಕೆಲಸದ ಜಾಗಕ್ಕೆ ಹೋಗಿ ವಿಚಾರಿಸಿಕೊಂಡು ಬರುವುದು ಅವರ ಪಾಲಿಗೆ ಬಿದ್ದಿತ್ತು. ಕಾರ್ಖಾನೆಗೆ ಹೋಗುವ ದಾರಿಯನ್ನು ನಾನೇ ಚೀಟಿಯಲ್ಲಿ ಬರೆದು ಕಳಿಸಿದ್ದೆ.

ಊಟದ ಹೊತ್ತಿಗೆ ಅವರು ಬಂದರು. ಕೊಟ್ಟ ನೀರಿನಲ್ಲಿ ಕಾಲು ತೊಳೆಯಲಿಲ್ಲ. ಅಂಗಳದಲ್ಲೇ ನಿಂತು ಕೇಳಿದರು.

"ಏನಪ್ಪಾ, ನೀನು ಕೆಲಸ ಮಾಡೋದು ಚೀಟೀಲಿ ಬರ್ದಿದ್ದ ಕಂಪನೀಲೇ ತಾನೆ?"

"ಹೌದು ಸಾರ್."

"ಅಲ್ಲಿಗೇ ಹೋಗಿದ್ದೆ. ಗೇಟಲ್ಲಿ ಪುಸ್ತಕ ತೆಗ್ದು ನೋಡಿ, ಈ ಹೆಸರಿನೋನು ಯಾರೂ ಇಲ್ಲ ಅಂದ್ರು."

ನಾನು ನಕ್ಕುಬಿಟ್ಟೆ. "ನಂಗೆ ರಜೆ ಸಾರ್, ಅದಕ್ಕೇ."

"ರಜಾದಲ್ಲಿದಾನೆ ಅನ್ನಲಿಲ್ಲ ಕಣಪ್ಪ. ಇಲ್ಲ ಅಂದ್ರು."

ಬಂದವರು ಬಸ್ಸಿಗೆ ಹೊತ್ತಾಯಿತು ಎಂದು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಸೋದರಮಾವ ಮಾತ್ರ ನ್ಯಾಯವಂತ ಮನುಷ್ಯ. "ನಾಳೆ ಬೆಳಗ್ಗೆ ಗೇಟ್ ಹತ್ರ ಬಾ, ಇಬ್ಬರೂ ಸೇರಿ ಕೇಳಾನ" ಎಂದು ಹೇಳಿ ಹೋದರು.

ಮರುದಿನ ಗೇಟಿನಲ್ಲಿ ಇದ್ದವನು ದಿನವೂ ನನ್ನ ಜೊತೆ ಟೀ ಕುಡಿಯುತ್ತಿದ್ದ ಸೆಕ್ಯುರಿಟಿಯವನೇ. ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕಬೇಡ ಕಣ್ಲಾ. ನಿನ್ನ ಟೋಕನ್ ನಂಬರ್ ಹೊಡ್ದಾಕವ್ರೆ. ನಾಳಿದ್ದು ಹೊಸಾ ನಂಬರ್ ಬಂದ್ಮೇಲೆ ನೀನು ನಮ್ಮೋನು" ಎಂದ. ಪ್ರತಿ ಸಲ ಹೊಸ ನಂಬರು ಕೊಡುತ್ತಿದ್ದುದು ನಿಜ. ನಾನು ಅದನ್ನು ಬಸ್ ಟಿಕೆಟ್ಟಿನ ಹಾಗೆ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ರಸ್ತೆ ದಾಟಿ ಕಂಟ್ರಾಕ್ಟರ್ ಆಫೀಸಿಗೆ ಹೋದೆವು. ತಾಲ್ಲೂಕು ಆಫೀಸಿನವರೆಂದು ತಿಳಿದ ಕೂಡಲೇ ಗುಮಾಸ್ತ ನನ್ನ ಫೈಲು ತೆಗೆದುಕೊಟ್ಟ. ಎಲ್ಲ ಕ್ರಮವಾಗಿದೆ ಎಂದು ತೋರಿಸುವ ಉತ್ಸಾಹ ಅವನಿಗೆ. ಸೋದರಮಾವ ಕನ್ನಡಕ ಹಾಕಿಕೊಂಡು, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದರು.

"ನಾನು ಸ್ವಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಕಾರಣ, ತಾಯಿಯ ಕಣ್ಣಿನ ಆಪರೇಷನ್."

ಹಾಳೆ ಮಗುಚಿದರು. ರಾಜೀನಾಮೆ. ಕಾರಣ, ರಾಗಿ ಕೊಯ್ಲು. ಮತ್ತೆ ರಾಜೀನಾಮೆ. ಹನ್ನೊಂದು ಕಾಗದ, ಹನ್ನೊಂದರಲ್ಲೂ ನನ್ನ ಸಹಿ. ಕೊನೆಯದರ ಮೇಲೆ ಮೊನ್ನೆಯ ಶಾಯಿ. ಕಾರಣ, ನನ್ನ ಮದುವೆ.

ಕೆಲಸವಿದೆ ಎಂದು ಹೆಣ್ಣು ಕೇಳಲು ಹೋದವನು, ಹೆಣ್ಣು ಕೊಡುತ್ತಾರೆಂದು ಕೆಲಸ ಬಿಟ್ಟಿದ್ದೆ!

"ರಜೆ ಅಂದಿದ್ರಲ್ಲ ಸಾರ್" ಎಂದೆ.

"ನಾನ್ ಯಾವತ್ತಪ್ಪ ರಜೆ ಅಂದೆ? ಮೂರು ದಿನ ಬರಬೇಡಿ ಅಂದಿದ್ದು. ಎಡೆಬಿಡದೆ ಮಾಡ್ಸಿದ್ರೆ ನೀವು ಕಾಯಂ ಮಾಡಿ ಅಂತ ಕೇಳಲ್ವಾ? ನಾಳಿದ್ದು ಬಾ, ಕೆಲಸ ಎಲ್ಲೂ ಹೋಗಲ್ಲ."

ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಆದರೆ ನೆನೆಸಿಕೊಂಡು ನೋಡಿದರೆ ಅವನು ರಜೆ ಎಂಬ ಮಾತು ಆಡಿಯೇ ಇರಲಿಲ್ಲ. ಆಡಿದವರು, ಊರೆಲ್ಲ ಹೊಗಳಿಕೊಂಡವರು ನಾವೇ.

ಬಸ್ಸಿಗೆ ಕಾಯುತ್ತ ಸೋದರಮಾವ ನನ್ನ ಭುಜ ಹಿಡಿದುಕೊಂಡರು. "ನೀನು ಸುಳ್ಳುಗಾರ ಅಲ್ಲ, ಅಷ್ಟು ಗೊತ್ತಾಯ್ತು. ಆದ್ರೆ ಹುಡುಗಿ ಅಪ್ಪಂಗೆ ಏನಂತ ಹೇಳ್ಲಪ್ಪ? ಹುಡುಗ ಆರು ತಿಂಗಳಿಗೊಂದ್ಸಲ ಕೆಲಸ ಬಿಡ್ತಾನೆ ಅಂತ್ಲೇ?"

ವಾರ ಕಳೆದ ಮೇಲೆ ಸಂಬಂಧ ತಂದಿದ್ದವರ ಕೈಲಿ ಮಾತು ಬಂತು. ಕೆಲಸ ಕಾಯಂ ಆಗಲಿ, ಆಮೇಲೆ ನೋಡೋಣ. ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ, "ಯಾವ ತಿಂಗಳಿಗೆ ಆಯ್ತದೆ ಅಂತ ಕೇಳ್ಕೊಂಬಾ" ಎಂದಳು. ಆರು ವರ್ಷದಿಂದ ಬರುವ ವರ್ಷ ಎಂದು ಹೇಳಿಕೊಂಡು ಬಂದಿದ್ದ ನಾನು, ಅವತ್ತು ಅದು ಆಗುವುದಿಲ್ಲ ಎಂದೆ. ಅವರ ಪುಸ್ತಕದಲ್ಲಿ ನಾನು ಹನ್ನೊಂದು ಸಲ ಸೇರಿ ಹನ್ನೊಂದು ಸಲ ಬಿಟ್ಟವನು, ಒಂದು ವರ್ಷ ಪೂರ್ತಿ ಎಂದೂ ಅಲ್ಲಿ ಇರಲೇ ಇಲ್ಲ ಎಂದು ಬಿಡಿಸಿ ಹೇಳಿದೆ.

ಅವಳ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಹಂಗಾರೆ ಆರು ವರ್ಷ ದಿನಾ ಎದ್ದು ಬುತ್ತಿ ಕಟ್ಟಿ ಕಳಿಸ್ತಿದ್ನಲ್ಲೋ. ನೀನು ಎಲ್ಲಿಗೆ ಹೋಗ್ತಿದ್ದೆ ಮಗಾ?"